ದಾಸೋಹದ ಖಾತೆ ಸಂಖ್ಯೆ ದಾರಿಯಲ್ಲಿ ಬದಲಾಗಬಾರದು

ನಮ್ಮ ಮಠಗಳ, ಬಸವಪರ ಸಂಘಟನೆಗಳ ಜಾಲತಾಣಗಳನ್ನು ಸುರಕ್ಷಿತ ಸಂಪರ್ಕಕ್ಕೆ, ಅಂದರೆ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿ ಎಂದು ಬೀದರ್, ಭಾಲ್ಕಿ, ಔರಾದಿನ ಶರಣ ಬಂಧುಗಳಿಗೆ ಹೇಳುತ್ತ ಬಂದಿದ್ದೇನೆ. ಹೋದಲ್ಲೆಲ್ಲ ಸಿಗುವ ಉತ್ತರ ಒಂದೇ: "ನಮ್ಮ ಬಲ್ಲಿ ಮುಚ್ಚಿಡೋದು ಏನದ ಸಾಹೇಬ್ರೆ? ವಚನ ಅವ, ಪ್ರವಚನದ ಫೋಟೋ ಅವ. ಯಾರ್ ಬೇಕಾದ್ರೂ ನೋಡ್ಲಿ."

ನೋಡಲಿ, ಸಂತೋಷ. ಆದರೆ ನೀವು ಹಾಕಿದ ಪುಟವೇ ಓದುವವರ ಮೊಬೈಲಿಗೆ ತಲುಪಿತೆಂದು ನಿಮಗೆ ಹೇಗೆ ಗೊತ್ತು?

ಹಳೆಯ ಸಂಪರ್ಕದಲ್ಲಿ ಪುಟವು ಪೋಸ್ಟ್‌ಕಾರ್ಡಿನಂತೆ ಸಾಗುತ್ತದೆ. ದಾರಿಯಲ್ಲಿ ಕೈಗೆ ಸಿಕ್ಕವರು ಓದಬಹುದು, ಪೆನ್ಸಿಲ್ ಹಿಡಿದು ತಿದ್ದಲೂಬಹುದು. ತಿದ್ದಿದ್ದು ಕಳಿಸಿದವರಿಗೂ ತಿಳಿಯದು, ಪಡೆದವರಿಗೂ ತಿಳಿಯದು. ನಡೆದದ್ದನ್ನೇ ಹೇಳುತ್ತೇನೆ. 2015ರ ಜೂನ್‌ನಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ತಾಣ ತೆರೆದು ನೋಡಿದರೆ, ತಾವು ಬರೆಯದ ಕೋಡ್ ಅದರೊಳಗೆ ಸೇರಿಕೊಂಡಿತ್ತು. ಅದನ್ನು ಅವರು ಬಹಿರಂಗಪಡಿಸಿದರು. ಡೇಟಾ ಬಳಕೆ ತಿಳಿಯುವುದಕ್ಕೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಕೋಡಿನ ಹಿಂದಿದ್ದ ಇಸ್ರೇಲಿ ಕಂಪನಿಯ ವಕೀಲರು ನೋಟಿಸ್ ಕಳಿಸಿದ್ದು ಯಾರಿಗೆ? ತೇಜೇಶ್ ಅವರಿಗೇ! ಅದೇ ತಿಂಗಳು ವಿಕಿಮೀಡಿಯಾ ಸಂಸ್ಥೆ, ಕನ್ನಡ ವಿಕಿಪೀಡಿಯವೂ ಸೇರಿದಂತೆ ತನ್ನ ತಾಣಗಳನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ಒಯ್ಯುವುದಾಗಿ ಪ್ರಕಟಿಸಿತು.

ಕೋಡ್ ತುರುಕಲು ಬರುವವನಿಗೆ ಅಂಕಿ ತಿದ್ದುವುದು ಯಾವ ದೊಡ್ಡ ಕೆಲಸ? ದಾಸೋಹ ನಿಧಿಯ ಬ್ಯಾಂಕ್ ಖಾತೆ ಸಂಖ್ಯೆ, ಕ್ಯೂಆರ್ ಚಿತ್ರ ನಮ್ಮ ತಾಣಗಳಲ್ಲೇ ಇರುತ್ತವೆ. ಪುಣೆ, ಹೈದರಾಬಾದಿನಲ್ಲಿ ದುಡಿಯುವ ನಮ್ಮ ಹುಡುಗರು ಲಾಡ್ಜಿನ ಉಚಿತ ವೈಫೈನಲ್ಲಿ ಆ ಪುಟ ತೆರೆದು ಹಣ ಹಾಕುತ್ತಾರೆ. ವಧು-ವರರ ನೋಂದಣಿಯಲ್ಲಿ ಹೆಣ್ಣುಮಗಳ ಜನ್ಮದಿನಾಂಕ, ವಿಳಾಸ, ಮೊಬೈಲ್ ಸಂಖ್ಯೆ ಇರುತ್ತದೆ. ಮುಚ್ಚಿಡೋದು ಏನದ ಎನ್ನುವವರು ಆ ಮಗಳ ತಂದೆಯನ್ನು ಕೇಳಿ ನೋಡಲಿ. ಅಷ್ಟಕ್ಕೂ ಮುಚ್ಚಿಡುವುದೆಲ್ಲ ಕಳ್ಳತನವಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಭಾಲ್ಕಿಯಲ್ಲಿ ಇದನ್ನು ನಾನು ಬಿಡಿಸಿ ಹೇಳಬೇಕೆ?

ಇನ್ನು ವಚನಗಳು. ತಾಳೆಗರಿಯಿಂದ ತಾಳೆಗರಿಗೆ ಪ್ರತಿ ಮಾಡುವಾಗ ಸೇರಿಕೊಂಡ ಪ್ರಕ್ಷೇಪಗಳನ್ನು ಬೇರ್ಪಡಿಸಲು ಫ.ಗು. ಹಳಕಟ್ಟಿಯವರಿಂದ ಹಿಡಿದು ಎಂ.ಎಂ. ಕಲಬುರ್ಗಿಯವರ ತನಕ ವಿದ್ವಾಂಸರು ಜೀವ ತೇದರು. ಅಂಕಿತದ ಒಂದು ಪದ ಬದಲಾದ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2017ರಲ್ಲಿ ಇತ್ಯರ್ಥವಾಯಿತು. ಪಾಠಶುದ್ಧಿಗೆ ಇಷ್ಟು ಬಡಿದಾಡುವ ನಾವು ಅದೇ ವಚನವನ್ನು ಪೋಸ್ಟ್‌ಕಾರ್ಡಿನಲ್ಲಿ ಕಳಿಸುತ್ತಿದ್ದೇವೆ. ಎಚ್‌ಟಿಟಿಪಿಎಸ್‌ನ ಪ್ರಮಾಣಪತ್ರವೂ ಒಂದು ಬಗೆಯ ಅಂಕಿತವೇ. ಪುಟ ಯಾವ ತಾಣದಿಂದ ಬಂತೆಂದು ಅದು ತೋರಿಸುತ್ತದೆ. ದಾರಿಯಲ್ಲಿ ಒಂದಕ್ಷರ ಬದಲಾದರೂ ಬ್ರೌಸರ್ ಒಪ್ಪುವುದಿಲ್ಲ. ತಾಣದವರು ಸಜ್ಜನರೆಂದು ಮಾತ್ರ ಅದು ಹೇಳುವುದಿಲ್ಲ, ಮೋಸಗಾರನೂ ಅದನ್ನು ಪಡೆಯಬಲ್ಲ. ಕೊಡುವವರಲ್ಲೂ ಎಡವಟ್ಟಾಗುತ್ತದೆ: 2014ರ ಜುಲೈನಲ್ಲಿ ನಮ್ಮದೇ ಎನ್‌ಐಸಿ ಕಡೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದು, ಅದಕ್ಕಿದ್ದ ಅಧಿಕಾರವನ್ನೇ ರದ್ದುಪಡಿಸಬೇಕಾಯಿತು. ಸರ್ಕಾರಿ ಸೇವೆಯ ಉಪ್ಪು ತಿಂದ ನನಗೆ ಅದನ್ನು ಓದಿ ಬೇಸರವಾಗಿತ್ತು. ಆದರೂ ಬೀಗ ಮುರಿಯಬಹುದೆಂದು ಬಾಗಿಲು ತೆರೆದಿಟ್ಟು ಮಲಗುವವರುಂಟೆ?

ಖರ್ಚಿನ ನೆಪ ಹೇಳುವಂತಿಲ್ಲ. 2015ರ ಡಿಸೆಂಬರ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಯಾರು ಕೇಳಿದರೂ ಉಚಿತವಾಗಿ ಪ್ರಮಾಣಪತ್ರ ಕೊಡುತ್ತಿದೆ. ಅವಧಿ 90 ದಿನ. ನವೀಕರಣವನ್ನು ಯಂತ್ರಕ್ಕೇ ಒಪ್ಪಿಸಬೇಕು. ಒಬ್ಬ ಹುಡುಗನ ನೆನಪಿಗೆ ಬಿಟ್ಟರೆ ಬಸವ ಜಯಂತಿಯ ದಿನವೇ ಅವಧಿ ಮುಗಿದು, ತೆರೆಯ ತುಂಬ ಎಚ್ಚರಿಕೆ ಬಂದೀತು. ಪುಟ ಹೊಸ ವಿಳಾಸದಲ್ಲಿದ್ದು ಚಿತ್ರಗಳು ಹಳೆಯ ವಿಳಾಸದಿಂದ ಬರುತ್ತಿದ್ದರೆ ಅದು ಅರ್ಧ ಕೆಲಸ. ಪುಸ್ತಕ, ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾದ ಹಳೆಯ ವಿಳಾಸ ಒತ್ತಿದವರೂ ತಾನಾಗಿ ಹೊಸದಕ್ಕೆ ಹೋಗುವಂತೆ ಸರ್ವರಿನಲ್ಲಿ ಏರ್ಪಾಡು ಇರಬೇಕು. ಆಂಡ್ರಾಯ್ಡ್ 7.1ಕ್ಕಿಂತ ಹಳೆಯ ಫೋನ್ ಇನ್ನೂ ಕೆಲವರ ಕೈಯಲ್ಲಿದೆ. ಅದಕ್ಕೆ ಈ ಉಚಿತ ಪ್ರಮಾಣಪತ್ರದ ಗುರುತು ಹತ್ತುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ನಂಬಿಗಸ್ತರ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುವುದರಿಂದ ಅದರಲ್ಲಿ ತೆರೆಯುತ್ತದೆ. ಔರಾದಿನ ಹಿರಿಯರಿಗೆ ಅದನ್ನು ಹಾಕಿಕೊಡುವ ಕೆಲಸ ಯುವಕರದು.

ಇದಕ್ಕೂ ಮೊದಲು ಒಂದು ವಿಚಾರಣೆ ಆಗಲಿ. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಪಾಸ್‌ವರ್ಡ್ ಯಾರ ಬಳಿ ಇದೆ? ಗುತ್ತಿಗೆದಾರ ಊರು ಬಿಟ್ಟ ಮೇಲೆ ಪಂಪ್‌ಹೌಸಿನ ಕೀಲಿ ಹುಡುಕುವುದನ್ನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ತಾಣವನ್ನು ಟ್ರಸ್ಟಿನ ಹೆಸರಿಗೆ ವರ್ಗಾಯಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಪ್ರಮಾಣಪತ್ರದ್ದು ಒಂದು ಮಧ್ಯಾಹ್ನದ ಕೆಲಸ. ಇದಕ್ಕೆ ತಿಂಗಳು ಹಿಡಿದೀತು.