ಕಪ್ ನಮ್ದು, ಸಾಲ ಯಾರ್ದು?

2025ರ ಜೂನ್ 3ರ ರಾತ್ರಿ ಬಿನ್ನಿಪೇಟೆಯ ನಮ್ಮ ಬೀದೀಲಿ ಯಾರೂ ಬೇಗ ಮಲಗಲಿಲ್ಲ. ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್ನಿಂದ ಸೋಲಿಸಿದ್ದೇ ತಡ, ಪಟಾಕಿ, ಶಿಳ್ಳೆ, ಬೈಕಿನ ಹಾರನ್. ಹದಿನೆಂಟನೇ ಸೀಸನ್ನಿಗೆ ಕಪ್ ಬಂದಿತ್ತಲ್ಲ! ಆ ಗಲಾಟೆ ಮಧ್ಯೆ ಮಗ ಮೊಬೈಲ್ ಹಿಡ್ಕೊಂಡು ಬಂದ. "ಅಪ್ಪಾ, ಮಲ್ಯ ವಿಶ್ ಮಾಡಿದಾರೆ ನೋಡು. ಕೊಹ್ಲಿ, ಗೇಲ್, ಎಬಿಡಿ ಮೂವರನ್ನೂ ಆರಿಸಿದ್ದು ತಾವೇ ಅಂತೆ."

ನಮ್ಮೆಜಮಾನ್ರು ಬಾಯಿಗಿಟ್ಟಿದ್ದ ಮೈಸೂರುಪಾಕು ನುಂಗಿ ಹೇಳಿದ್ರು: "ಮೊದಲು ಸಂಬಳ ಕೊಡಕ್ಕೆ ಹೇಳು."

ಅಲ್ಲಿಗೆ ಶುರುವಾಯ್ತು ನೋಡಿ.

ಮಗ ಹೇಳೋದರಲ್ಲೂ ಸುಳ್ಳಿಲ್ಲ. 2008ರಲ್ಲಿ 11 ಕೋಟಿ 16 ಲಕ್ಷ ಡಾಲರ್ ಸುರಿದು ತಂಡ ಕೊಂಡವರು ವಿಜಯ್ ಮಲ್ಯ. ತಮ್ಮ ವಿಸ್ಕಿಯ ಹೆಸರನ್ನೇ ಇಟ್ಟರು, ನಮ್ಮ ಮಕ್ಕಳು ಅದನ್ನೇ ಕೂಗುತ್ತಾ ಬೆಳೆದರು! ಮೊದಲ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ ಬಂದಾಗ ಅವರು ನಮ್ಮ ದ್ರಾವಿಡ್ ಮೇಲೆ ಎಲ್ಲರೆದುರೇ ತಪ್ಪು ಹೊರಿಸಿದ್ದು ನನಗಿನ್ನೂ ಮರೆತಿಲ್ಲ. ಮುಂದಿನ ವರ್ಷವೇ ಫೈನಲ್. ಕುಂಬ್ಳೆ ನಾಲ್ಕು ವಿಕೆಟ್ ತೆಗೆದರೂ ಸೋತೆವು, ಅದೂ 6 ರನ್ನಿಂದಲೇ.

ಫುಟ್‌ಬಾಲಿನಲ್ಲೂ ಇದೇ ಕಥೆ. 1998ರಲ್ಲಿ ಅವರ ಯುಬಿ ಗ್ರೂಪ್ ಕೋಲ್ಕತ್ತದ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಎರಡರಲ್ಲೂ ಅರ್ಧರ್ಧ ಪಾಲು ಹಿಡಿಯಿತು. ಹಾವು ಮುಂಗುಸಿ ಥರ ಇದ್ದವರಿಗೆ ಒಬ್ಬರೇ ಪಾಲುದಾರರು! 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಆಸಿಯಾನ್ ಕಪ್ ಗೆದ್ದಾಗ ಅದರ ಹೆಸರಿನ ಮುಂದೆ ಕಿಂಗ್‌ಫಿಷರ್ ಅಂತಿತ್ತು. ಅಲ್ಲಿನ ಅಭಿಮಾನಿಗಳು ಆ ಗೆಲುವನ್ನು ಬಿಡೋಕಾಗುತ್ತಾ?

ಇನ್ನೊಂದು ಕಡೆ ನೋಡಿ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲ ಹಿಡಿದವು. ಅಷ್ಟರಲ್ಲಾಗಲೇ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2015ರ ಡಿಸೆಂಬರಿನಲ್ಲಿ ಗೋವಾದಲ್ಲಿ ಯಜಮಾನರ 60ನೇ ಹುಟ್ಟುಹಬ್ಬ ಜೋರಾಗಿ ನಡೆಯಿತು. 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. ಬಡ್ಡಿ ಸೇರಿ 9 ಸಾವಿರ ಕೋಟಿ ಬಾಕಿ ಅಂತ ಬ್ಯಾಂಕುಗಳು ಹೇಳಿದವು.

"14 ಸಾವಿರ ಕೋಟಿ ವಾಪಸ್ ಬಂದಿದೆ ಅಂತ ಲೋಕಸಭೇಲೇ ಹೇಳಿದಾರಪ್ಪ," ಅಂದ ಮಗ. ಅದೂ ನಿಜ. 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರೇ ಹೇಳಿದ್ದು.

ಆಗ ನಾನು ಬಾಯಿಬಿಟ್ಟೆ. ನಮ್ಮಪ್ಪ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೇಲಿದ್ರು. ಅದು ಬಾಗಿಲು ಹಾಕಿದಾಗ ನಾಲ್ಕು ತಿಂಗಳ ಸಂಬಳ ನಿಂತುಹೋಯ್ತು. ಅಮ್ಮ ಅಂಗಡಿ ಮುಂದೆ ಹೋಗೋಕೆ ನಾಚಿಕೆ ಆಗಿ ಹಿಂದಿನ ಬೀದಿ ಸುತ್ತಿ ಬರ್ತಿದ್ರು. ಎರಡು ವರ್ಷ ಆದ್ಮೇಲೆ ಸ್ವಲ್ಪ ದುಡ್ಡು ಬಂತು. ಆದರೆ ಅಷ್ಟರಲ್ಲಿ ಅಣ್ಣ ಕಾಲೇಜು ಬಿಟ್ಟಾಗಿತ್ತು. ಬ್ಯಾಂಕಿನ ಸಾಲ ಬಡ್ಡಿ ಸಮೇತ ವಸೂಲಾಗುತ್ತೆ. ಅಕ್ಕಿ ಇಲ್ಲದ ದಿನ ಬಾರದ ಸಂಬಳ ಆಮೇಲೆ ಬಂದ್ರೂ ಆ ದಿನ ವಾಪಸ್ ಬರುತ್ತಾ?

ಮಗ ಸುಮ್ಮನಾದ. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಹೋದರು. ಮನೇಲಿ ಟಿವಿ ಆಫ್ ಮಾಡಿ ಕೂತೆವು. ಮಲ್ಯರ ಮಾತು ಮತ್ತೆ ಎದ್ದಿದ್ದು ವಾರಗಳಾದ ಮೇಲೆ.

ನಮ್ಮ ಏರಿಯಾದ ಹೆಸರನ್ನೇ ನೋಡಿ. ಬಿನ್ನಿ ಅನ್ನೋದು ಮದ್ರಾಸಿನಿಂದ ಬಂದ ಕಂಪನಿ ಹೆಸರು. ಮಿಲ್ ಹೋಯ್ತು, ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಬಂತು. ಆದರೂ ವಿಳಾಸ ಬರೆಯುವಾಗ ನಾವು ಬಿನ್ನಿಪೇಟೆ ಅಂತಲೇ ಬರೀತೀವಿ, ಯಾಕಂದ್ರೆ ಇಲ್ಲಿ ದುಡಿದವರು, ಬದುಕಿದವರು ನಮ್ಮವರು. ಆರ್‌ಸಿಬಿನೂ ಹಾಗೇ. ಹೆಸರಿಟ್ಟವರು ಹೋದರೂ ಕೂಗಿ ಕೂಗಿ ಅದನ್ನ ನಮ್ಮದು ಮಾಡ್ಕೊಂಡವರು ನಾವು.

ಮೊನ್ನೆ ಯಜಮಾನ್ರು ಮಗನ ಹತ್ತಿರ ರಾಜಿಗೆ ಬಂದ್ರು: "ಕೊಹ್ಲೀನ ತಂದಿದ್ದಕ್ಕೆ ಒಂದು ನಮಸ್ಕಾರ ಇರ್ಲಿ. ಸಂಬಳದ ಲೆಕ್ಕ ಮಾತ್ರ ಬೇರೆ ಪುಸ್ತಕದಲ್ಲಿರ್ಲಿ." ನಮ್ಮನೇಲಿ ಈಗ ಎರಡು ಪುಸ್ತಕ. ನಿಮ್ಮನೇಲಿ?