ವರ್ಷಕ್ಕೆ ಹನ್ನೆರಡು ಪುಸ್ತಕ: ಒಂದು ವ್ರತದ ವಿಚಾರ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಆದೇಶಿಸಿದಾಗ, ಛಂದಸ್ಸಿನ ಮೇಲೋ ಹಳಗನ್ನಡದ ಯಾವುದಾದರೊಂದು ಕಾವ್ಯದ ಮೇಲೋ ನಾಲ್ಕು ಪುಟ ಬರೆದು ಋಣಮುಕ್ತನಾಗಬಹುದೆಂದು ಮೊದಲು ಎಣಿಸಿದ್ದೆನು. ಆದರೆ ಕೆಲವು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದಿದೆ. ಅದನ್ನು ವಿದ್ಯಾರ್ಥಿಗಳ, ಪಾಲಕರ ಹಾಗೂ ನನ್ನ ಸಹೋದ್ಯೋಗಿಗಳ ಮುಂದೆ ಇಡಲು ಇದಕ್ಕಿಂತ ಉಚಿತವಾದ ಸ್ಥಳ ಇನ್ನೊಂದಿಲ್ಲವೆಂದು ತೋರಿದ್ದರಿಂದ ಈ ಬರೆಹಕ್ಕೆ ಕೈಯಿಕ್ಕಿದ್ದೇನೆ.

ಜನವರಿಯ ಮೊದಲ ದಿನ, ನಮ್ಮ ವಿಜ್ಞಾನದ ತರುಣ ಶಿಕ್ಷಕರೊಬ್ಬರು ಶಿಕ್ಷಕರ ಕೊಠಡಿಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿದರು. ಈ ವರ್ಷ 24 ಪುಸ್ತಕಗಳನ್ನು ಓದುವುದಾಗಿ ಅವರ ಸಂಕಲ್ಪ. ಓದಿ ಮುಗಿಸಿದಂತೆಲ್ಲ ಹೆಸರನ್ನು ಬರೆಯಲು ಕೆಳಗೆ 24 ಗೆರೆಗಳು. ಇಂಥ ಸಂಕಲ್ಪ ಈಗ ದೇಶವಿದೇಶಗಳಲ್ಲಿ ರೂಢಿಯಾಗಿದೆಯೆಂದೂ, ತಾವು ಓದಿದುದನ್ನು ಮಿತ್ರರಿಗೆ ಸೂಚಿಸಿ ಅವರು ಸೂಚಿಸಿದುದನ್ನು ತಾವು ಓದುವುದು ಇದರ ಕ್ರಮವೆಂದೂ ಅವರು ವಿವರಿಸಿದರು. ನನಗೆ ನಗು ಬಂದಿತು. ‘ಓದೇನು ರೊಟ್ಟಿಯ ಲೆಕ್ಕವೇ, ಎಷ್ಟು ತಿಂದೆನೆಂದು ಎಣಿಸುವುದಕ್ಕೆ?’ ಎಂದು ಹಾಸ್ಯ ಮಾಡಿದೆನು. ನನ್ನ ವಿದ್ವತ್ ಅಭ್ಯಾಸದ ಕಾಲದಲ್ಲಿ ಗುರುಗಳು ಕೇಶಿರಾಜನ ‘ಶಬ್ದಮಣಿದರ್ಪಣ’ದ ಒಂದೊಂದು ಪ್ರಕರಣವನ್ನು ತಿಂಗಳುಗಟ್ಟಲೆ ತಿದ್ದಿಸುತ್ತಿದ್ದರು. ಒಂದು ಗ್ರಂಥ ಕರಗತವಾಗುವವರೆಗೆ ಮತ್ತೊಂದರ ಮಾತೆತ್ತುವಂತಿರಲಿಲ್ಲ. ಆ ಗರಡಿಯಲ್ಲಿ ಪಳಗಿದವನಿಗೆ ಸಂಖ್ಯೆಯ ಓದು ಹಗುರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದೇ ವಾರ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, ‘ಸರ, ನೀವು ಈ ವರ್ಷ ಯಾವ ಹೊಸ ಪುಸ್ತಕ ಓದೀರ್ರಿ?’ ಎಂದು ಕೇಳಿದಳು. ಅವಳಲ್ಲಿ ಅವಿನಯವಿರಲಿಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದಳು. ಉತ್ತರ ಹುಡುಕಹೊರಟಾಗ ನನ್ನ ದಾರಿದ್ರ್ಯ ನನಗೇ ಗೋಚರವಾಯಿತು. ಪಠ್ಯಪುಸ್ತಕ, ಉತ್ತರಪತ್ರಿಕೆ, ಎಂದೋ ಬಾಯಿಪಾಠ ಮಾಡಿದ ಪದ್ಯಗಳ ಪುನರುಚ್ಚಾರ: ಇಷ್ಟರಲ್ಲಿಯೇ ಹತ್ತಾರು ವರ್ಷಗಳು ಸಂದುಹೋಗಿದ್ದವು. ಒಂದು ಗ್ರಂಥವನ್ನು ಆಳವಾಗಿ ಓದಬೇಕೆಂದು ಬೋಧಿಸುತ್ತಿದ್ದವನು ಒಂದನ್ನೂ ಓದುತ್ತಿರಲಿಲ್ಲ. ಮರುದಿನವೇ ಇನ್ನೂರು ಪುಟದ ನೋಟಪುಸ್ತಕವೊಂದನ್ನು ಕೊಂಡು, ವರ್ಷಕ್ಕೆ ಹನ್ನೆರಡು ಎಂದು ಮೊದಲ ಪುಟದಲ್ಲಿ ಬರೆದುಕೊಂಡೆನು.

ವಿಚಾರಿಸಿ ನೋಡಿದರೆ ವಾರ್ಷಿಕ ಓದಿನ ವ್ರತ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಶ್ರಾವಣ ಮಾಸ ಬಂದಿತೆಂದರೆ ನಮ್ಮ ಮಠಗಳಲ್ಲಿ ಪುರಾಣ ಹಚ್ಚುವ ಪದ್ಧತಿ ಇಂದಿಗೂ ನಡೆದುಬಂದಿದೆ. 1369ರಲ್ಲಿ ಭೀಮಕವಿ ರಚಿಸಿದ ‘ಬಸವಪುರಾಣ’ವಾಗಲಿ, ಚಾಮರಸನ ‘ಪ್ರಭುಲಿಂಗಲೀಲೆ’ಯಾಗಲಿ, ಒಂದನ್ನು ಆರಿಸಿಕೊಂಡು ಒಬ್ಬರು ರಾಗವಾಗಿ ಪದ್ಯವನ್ನು ಓದುವರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವರು. ಅಕ್ಷರ ಬಲ್ಲವರೂ ಬಾರದವರೂ ಒಂದೇ ಜಮಖಾನೆಯ ಮೇಲೆ ಕುಳಿತು ತಿಂಗಳಿಡೀ ಕೇಳುವರು. ವರ್ಷಕ್ಕೆ ಒಂದೇ ಗ್ರಂಥ. ಆದರೆ ಅದು ಇಡೀ ಊರಿನ ಗ್ರಂಥವಾಗುತ್ತಿದ್ದಿತು. ನಮ್ಮ ನೆರೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು, ಓದನ್ನು ಕ್ರಮವಾಗಿ ಕಲಿಯದ ಕನ್ನಡಿಗರೂ ಕಾವ್ಯವನ್ನು ಬಲ್ಲವರೆಂದು ಹೊಗಳುತ್ತದೆ. ಕೇಳಿ ಬಲ್ಲವರಾಗುವ ಈ ಸಂಸ್ಕಾರವೇ ನಮ್ಮ ಓದಿನ ತಾಯಿಬೇರು.

ಪುಸ್ತಕವು ನಮ್ಮ ಕೈಗೆ ಸುಲಭವಾಗಿ ಬಂದುದೂ ಅಲ್ಲ. ನೆರೆಯ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಆಡಳಿತದಲ್ಲಿದ್ದಾಗ ಶಾಲೆಯ ಭಾಷೆ ಉರ್ದುವಾಗಿದ್ದಿತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ್ದು ಆ ದಿನಗಳಲ್ಲಿಯೇ. 1948ರ ಸೆಪ್ಟೆಂಬರ್ 17ರಂದು ಆ ಕಾಲ ಮುಗಿಯಿತು. ಅಷ್ಟು ಕಷ್ಟದಿಂದ ಪಡೆದ ಕನ್ನಡ ಪುಸ್ತಕವನ್ನು, ಯಾರ ಅಡ್ಡಿಯೂ ಇಲ್ಲದ ಇಂದು ಬಿಚ್ಚದೆ ಇಟ್ಟಿರುವವರು ನಾವು.

ಇನ್ನು ನನ್ನ ವ್ರತದ ಕಥೆ. ಮೊದಲ ವರ್ಷ ದಸರೆಯ ಹೊತ್ತಿಗೆ ಐದು ಪುಸ್ತಕಗಳಾಗಿದ್ದವು. ಡಿಸೆಂಬರ್ ಬಂದಾಗ ಇನ್ನೂ ನಾಲ್ಕು ಉಳಿದಿದ್ದವು. ತರುಣ ಮಿತ್ರರ ಮುಂದೆ ಸೋಲಬಾರದೆಂಬ ಹಟದಿಂದ, ಕಪಾಟಿನಲ್ಲಿದ್ದ ನಲವತ್ತು ಪುಟಗಳ ತೆಳು ಪುಸ್ತಿಕೆಗಳನ್ನು ಎಳೆದು, ಎರಡು ರಾತ್ರಿಗಳಲ್ಲಿ ಕಣ್ಣಾಡಿಸಿ, ಹನ್ನೆರಡು ತುಂಬಿಸಿದೆನು. ಜನವರಿಯಲ್ಲಿ ಅದೇ ಬಾಲಕಿ ನನ್ನ ಪಟ್ಟಿಯನ್ನು ನೋಡಿ ಕೊನೆಯ ಪುಸ್ತಕದಲ್ಲಿ ಏನಿದೆಯೆಂದು ಕೇಳಿದಾಗ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಇದು ಕೃತಿಚೌರ್ಯವಲ್ಲದಿದ್ದರೂ ಒಂದು ಬಗೆಯ ಚೌರ್ಯವೇ ಸರಿ. ಅಂದೇ ಆ ನಾಲ್ಕು ಹೆಸರುಗಳ ಮೇಲೆ ಗೀಟೆಳೆದು, ವ್ರತಕ್ಕೆ ಒಂದು ನಿಯಮವನ್ನು ಸೇರಿಸಿದೆನು: ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ ಹೇಳಲಾಗದ ಪುಸ್ತಕವು ಎಣಿಕೆಗೆ ಬಾರದು.

ಎರಡನೆಯ ವರ್ಷ ವಿದ್ಯಾರ್ಥಿಗಳೂ ಸೇರಿಕೊಂಡರು. ಓದಿದ ಪ್ರತಿ ಪುಸ್ತಕವನ್ನು ಮನೆಯಲ್ಲಿ ಓದಲು ಬಾರದ ಒಬ್ಬರಿಗೆ ಹೇಳಬೇಕು. ಕೇಳಿದವರ ಸಹಿ ತರಬೇಕು ಎಂದು ವಿಧಿಸಿದೆನು. ಒಬ್ಬ ಹುಡುಗನು ತಂದ ಸಹಿ ಅವನದೇ ಅಕ್ಷರವೆಂದು ಗೊತ್ತಾಗಿ ಗದರಿಸಿ ಕೇಳಿದೆನು. ‘ಅಪ್ಪಗ ಸಹಿ ಮಾಡಾಕ ಬರಂಗಿಲ್ರಿ ಸರ’ ಎಂದು ತಲೆ ತಗ್ಗಿಸಿದನು. ಓದಲು ಬಾರದವರಿಗೆ ಹೇಳಬೇಕೆಂದು ನಾನೇ ವಿಧಿಸಿ, ಅವರಿಂದಲೇ ಸಹಿಯನ್ನು ಬೇಡಿದ್ದೆನು! ತಪ್ಪು ಹುಡುಗನದಲ್ಲ, ನನ್ನದು. ಅಂದಿನಿಂದ ಸಹಿಯ ಮಾತೇ ಇಲ್ಲ; ಮಕ್ಕಳ ಮಾತೇ ಪ್ರಮಾಣ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಪ್ರತಿಶತ 51.83. ರಾಜ್ಯದ ಪ್ರಮಾಣ 75.36 ಇದ್ದಾಗ ನಮ್ಮದು ಎಲ್ಲ ಜಿಲ್ಲೆಗಳಿಗಿಂತ ಕೆಳಗೆ. ಹೆಣ್ಣುಮಕ್ಕಳ ಪ್ರಮಾಣ ಇದಕ್ಕಿಂತಲೂ ಕಡಿಮೆ. ‘ಅಕ್ಷರವೇ ಇಲ್ಲದ ಮನೆಯಲ್ಲಿ ವರ್ಷಕ್ಕೆ ಹನ್ನೆರಡು ಪುಸ್ತಕದ ವ್ರತವೇ? ಇದು ಉಂಡವರ ಹವ್ಯಾಸ’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪವು ಗೌರವಾರ್ಹವಾದುದು. ಇದಕ್ಕೆ ತರ್ಕಕ್ಕಿಂತ ನಾನು ಕಂಡ ಒಂದು ಸಂಗತಿಯೇ ಉತ್ತರವಾದೀತು.

ಕೃಷ್ಣೆಯ ಕಾಲುವೆಯ ನೀರು ಬಂದ ಮೇಲೆ ನಮ್ಮ ಸಗರನಾಡಿನ ಎಷ್ಟೋ ಹೊಲಗಳಲ್ಲಿ ಭತ್ತವೂ ಹತ್ತಿಯೂ ಹುಲುಸಾಗಿ ಬೆಳೆಯುತ್ತಿವೆ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ತರಗತಿಗಳು ಬರಿದಾಗುವುದು ಎಲ್ಲ ಶಿಕ್ಷಕರೂ ಬಲ್ಲ ಸಂಗತಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಹದಿನೈದು ದಿನ ಶಾಲೆಗೆ ಬರಲಿಲ್ಲ. ಹೋಗುವಾಗ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಒಂದು ಸಂಪುಟವನ್ನು ಒಯ್ದಿದ್ದಳು. ಪುಸ್ತಕ ಹೋಯಿತೆಂದೇ ನಾನು ತಿಳಿದಿದ್ದೆನು. ಹದಿನಾರನೆಯ ದಿನ ಬಂದವಳು, ರಾತ್ರಿ ಊಟವಾದ ಮೇಲೆ ತಾಯಿಗೂ ಚಿಕ್ಕಮ್ಮನಿಗೂ ದಿನಕ್ಕೊಂದರಂತೆ ಓದಿ ಹೇಳಿದೆನೆಂದು ತಿಳಿಸಿ, ‘ಇದನ್ನ ಕೊಟ್ಟು ಮುಂದಿನದು ತಗೊಂಡು ಬಾ ಅಂದ್ಳ್ರಿ ಅವ್ವ’ ಎಂದಳು. ಹಾಜರಾತಿಗಾಗಿ ನಾವು ಮನೆಗೆ ಹೋಗಿ ಹೇಳಿಬಂದ ಬುದ್ಧಿಮಾತಿಗೆ ಆಗದ ಕೆಲಸ ಒಂದು ಪುಸ್ತಕದಿಂದ ಆಗಿದ್ದಿತು. ಮರುವಾರ ಅವಳು ಮತ್ತೆ ಹತ್ತಿಗೆ ಹೋದಳೆಂಬುದನ್ನೂ ಹೇಳದೆ ಇರಬಾರದು. ಪುಸ್ತಕವು ಬಡತನವನ್ನು ನೀಗಲಾರದು. ಶಾಲೆಯೊಡನೆ ಇರುವ ಎಳೆಯನ್ನು ಕಡಿಯಗೊಡದೆ ಹಿಡಿದಿರಬಲ್ಲದು.

ಈಗ ನನ್ನ ಅಭಿಪ್ರಾಯವನ್ನು ಸ್ಪಷ್ಟಪಡಿಸುತ್ತೇನೆ. ಸಂಖ್ಯೆಯು ಹೊಲದ ಬೇಲಿಯಿದ್ದಂತೆ. ಬೇಲಿಯೇ ಬೆಳೆಯಲ್ಲ, ಆದರೆ ಬೇಲಿಯಿಲ್ಲದ ಹೊಲದ ಬೆಳೆ ದನಗಳ ಪಾಲು. ಸಂಖ್ಯೆಯನ್ನು ಧಿಕ್ಕರಿಸಿದ ನಾನು ಏನನ್ನೂ ಓದದೆ ಕಾಲ ಕಳೆದೆನು. ಸಂಖ್ಯೆಯನ್ನೇ ನಂಬಿದ ವರ್ಷ ವಂಚನೆಗಿಳಿದೆನು. ಶ್ರಾವಣದ ಪುರಾಣದಲ್ಲಿದ್ದ ಹೇಳುವ-ಕೇಳುವ ಧರ್ಮವು ಈ ಹೊಸ ಸಂಕಲ್ಪಕ್ಕೆ ಕೂಡಿಕೊಂಡಾಗ ಮಾತ್ರ ಅದು ನಮ್ಮ ನೆಲಕ್ಕೆ ಒಗ್ಗುತ್ತದೆ.

ಯಾವ ಪುಸ್ತಕಗಳನ್ನು ಓದಬೇಕೆಂದು ಕೇಳುವವರಿಗೆ, ನಾನು ಓದಿ ಹೇಳಿದ ಕೆಲವನ್ನು ಸೂಚಿಸುತ್ತೇನೆ. ಮೊದಲನೆಯದು ದೇವರ ದಾಸಿಮಯ್ಯನ ವಚನಗಳು. ಸುರಪುರ ಸೀಮೆಯ ಮುದನೂರಿನ ಈ ನೇಕಾರನ ಮಾತು ಚಿಕ್ಕದು, ನೇರವಾದುದು. ತನ್ನ ನೆಲದ ಮೊದಲ ಕವಿಯನ್ನು ಅರಿಯದೆ ಬೇರೆಯವರನ್ನು ಅರಿಯುವುದು ಕ್ರಮವಲ್ಲ. ಎರಡನೆಯದು ಸರ್ವಜ್ಞನ ವಚನಗಳು. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು ಇವನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅವರೇ 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ತ್ರಿಪದಿಯ ಲಯ ಬೀಸುಕಲ್ಲಿನ ಹಾಡಿಗೆ ಸಮೀಪವಾದುದರಿಂದ ಅಜ್ಜಿಯಂದಿರಿಗೆ ಓದಿ ಹೇಳಲು ಇದಕ್ಕಿಂತ ಉತ್ತಮವಾದುದಿಲ್ಲ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯು ಕಡಲ ತೀರದ ಮೂರು ತಲೆಮಾರುಗಳ ಕಥೆ. ಸಮುದ್ರವನ್ನೇ ಕಾಣದ ನಮ್ಮ ಹುಡುಗರಿಗೆ ಇದು ಹಿಡಿಸೀತೇ ಎಂಬ ಸಂಶಯ ನನಗಿದ್ದಿತು. ಆದರೆ ತಂದೆತಾಯಿಗಳು ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಹೋಗಿ, ಅಜ್ಜಿಯ ಜೊತೆಗೆ ಊರಲ್ಲಿ ಉಳಿದ ಹುಡುಗನೊಬ್ಬನು ಅದನ್ನು ಎರಡು ಸಲ ಓದಿದನು. ಊರು ಬಿಟ್ಟುಹೋಗುವ ಸಂಕಟವೂ ಮಣ್ಣಿಗೆ ಮರಳುವ ಆಸೆಯೂ ಅವನ ಮನೆಯಲ್ಲಿಯೇ ಇದ್ದವು. ಗೀತಾ ನಾಗಭೂಷಣರ ‘ಬದುಕು’ ಪ್ರೌಢರು ಓದತಕ್ಕ ಕಾದಂಬರಿ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ನಮ್ಮ ಕಲಬುರಗಿ ಸೀಮೆಯ ಆಡುಮಾತು ಸಂಕೋಚವಿಲ್ಲದೆ ನಿಂತಿದೆ. ನಮ್ಮ ಮಾತು ಪುಸ್ತಕಕ್ಕೆ ಯೋಗ್ಯವಲ್ಲವೆಂಬ ಕೀಳರಿಮೆ ಇದ್ದವರು ಇದನ್ನು ಅವಶ್ಯವಾಗಿ ಓದಬೇಕು. ಉಳಿದಂತೆ, ಓದೆಂದರೆ ಓಡಿಹೋಗುವ ಹುಡುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’ ಸಾಕು; ಜಗತ್ತನ್ನು ಕಾಣಬಯಸುವವರಿಗೆ ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ದ 25 ಸಂಪುಟಗಳಿವೆ. ಚಿಕ್ಕ ಮಕ್ಕಳಿಗೆ ‘ದಿನಕ್ಕೊಂದು ಕಥೆ’ಯನ್ನು ಈಗಾಗಲೇ ಹೇಳಿದ್ದೇನೆ. ತಿಂಗಳಿಗೊಂದರಂತೆ 12 ಸಂಪುಟಗಳಿರುವ ಆ ಮಾಲೆಯೇ ಒಂದು ವಾರ್ಷಿಕ ವ್ರತ.

ಪುಸ್ತಕಗಳೆಲ್ಲಿ ಸಿಗುವುವೆಂಬ ಪ್ರಶ್ನೆ ಉಳಿಯಿತು. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ನೂರಾರು ಪುಸ್ತಕಗಳಿದ್ದವು. ಕಪಾಟಿಗೆ ಸದಾ ಬೀಗ. ಪುಸ್ತಕ ಕಳೆದರೆ ತಮ್ಮ ಪಗಾರದಲ್ಲಿ ಹಿಡಿಯುವರೆಂಬ ಭಯ ಆ ಬೀಗದ ಕಾವಲುಗಾರನಿಗೆ. ವರ್ಷಾಂತ್ಯದ ತಪಾಸಣೆಯಲ್ಲಿ ಒಂದೂ ಕಳೆದಿರಲಿಲ್ಲ. ಗೆದ್ದಲು ತಿಂದುದನ್ನು ಮಾತ್ರ ಯಾರೂ ಲೆಕ್ಕ ಹಿಡಿಯಲಿಲ್ಲ. ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್‌ರವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆಂಬುದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಬಂದುದು 1965ರಲ್ಲಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಶುಲ್ಕವಿಲ್ಲದ ಸದಸ್ಯತ್ವ ದೊರೆಯಿತು. ಪಾಲಕರು ತಮ್ಮ ಊರಿನ ಗ್ರಂಥಾಲಯಕ್ಕೆ ಮಕ್ಕಳನ್ನು ಒಮ್ಮೆ ಕೈಹಿಡಿದು ಕರೆದೊಯ್ಯಲಿ; ಎರಡನೆಯ ಸಲ ಅವರೇ ಹೋಗುವರು.

ಪೂಜ್ಯರಲ್ಲಿಯೂ ಆಡಳಿತ ಮಂಡಳಿಯಲ್ಲಿಯೂ ನನ್ನ ವಿನಂತಿಗಳು ಮೂರು. ಶ್ರಾವಣದ ಪ್ರವಚನದ ಮೊದಲು ದಿನಕ್ಕೊಬ್ಬ ವಿದ್ಯಾರ್ಥಿಗೆ ತಾನು ಓದಿದ ಪುಸ್ತಕವನ್ನು ಕುರಿತು ಹೇಳಲು ಐದು ನಿಮಿಷ ದೊರೆಯಲಿ. ಮಕ್ಕಳ ಕೈಯಲ್ಲಿ ಹರಿದ, ಕಳೆದ ಪುಸ್ತಕಗಳನ್ನು ಶಿಕ್ಷಕರ ತಲೆಗೆ ಕಟ್ಟದೆ ಸಂಸ್ಥೆಯ ಖರ್ಚೆಂದು ಬರೆದುಬಿಡಲಿ. ಮತ್ತು ವಿದ್ಯಾರ್ಥಿಗಳ ಪಟ್ಟಿಯ ಪಕ್ಕದಲ್ಲಿಯೇ ಶಿಕ್ಷಕರ ಪಟ್ಟಿಯೂ ಗೋಡೆಯ ಮೇಲಿರಲಿ. ಕೇಳುವ ಹಕ್ಕು ಮಕ್ಕಳಿಗೂ ಇರಲಿ.

ಕಳೆದ ವರ್ಷ ನಾನು ಓದಿ ಹೇಳಿದ ಪುಸ್ತಕಗಳು ಒಂಬತ್ತು. ಹನ್ನೆರಡಾಗಲಿಲ್ಲ. ಪಟ್ಟಿಯಲ್ಲಿ ಮೂರು ಗೆರೆಗಳು ಖಾಲಿ ಇವೆ. ಈ ಸಲ ಅವುಗಳನ್ನು ತುಂಬಿಸಿಲ್ಲ. ನನ್ನನ್ನು ಮೊದಲು ಪ್ರಶ್ನಿಸಿದ ಬಾಲಕಿ ಈಗ ಯಾದಗಿರಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ರಜೆಗೆ ಬಂದಾಗಲೊಮ್ಮೆ ನೋಟಪುಸ್ತಕವನ್ನು ತೋರಿಸಲು ಕೇಳುತ್ತಾಳೆ. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಅಳುಕಿನಿಂದಲೇ ಅದನ್ನು ಅವಳ ಕೈಗೆ ಕೊಡುತ್ತೇನೆ.