ಚೀಲದ ಮೇಲಿನ ಚೀಟಿ

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನಲ್ಲಿ ಬೆಳೆದ ವಿದ್ಯಾರ್ಥಿಗೆ ಗೋಣಿಚೀಲದ ಉಪಯೋಗವನ್ನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ರಾಗಿಯನ್ನಾದರೂ ತುಂಬಬಹುದು, ಜೋಳವನ್ನಾದರೂ ತುಂಬಬಹುದು. ಒಳಗೇನಿದೆಯೆಂದು ಚೀಟಿ ಅಂಟಿಸಿದರಾಯಿತು. 2004ರಲ್ಲಿ ಜಾವಾ ಎಂಬ ಗಣಕಭಾಷೆಗೆ ಸೇರಿದ 'ಜೆನೆರಿಕ್ಸ್' ಏರ್ಪಾಡು ಇಂಥದೇ. ಅಲ್ಲಿ 'ಲಿಸ್ಟ್' ಎಂಬುದು ಚೀಲ; ಯಾವ ಬಗೆಯ ವಸ್ತು ಅದರಲ್ಲಿರತಕ್ಕದ್ದೆಂದು ತಿಳಿಸುವ 'ಟೈಪ್ ಪ್ಯಾರಾಮೀಟರ್' ಅದರ ಚೀಟಿ.

ರಾಗಿ ಧಾನ್ಯವೇ ತಾನೆ? ಹಾಗಿದ್ದಮೇಲೆ ರಾಗಿಯ ಚೀಲವನ್ನು ಧಾನ್ಯದ ಚೀಲವೆಂದು ಒಪ್ಪಿಸಹೊರಟರೆ, ಕಂಪೈಲರ್ 'ಬಗೆ ಹೊಂದುವುದಿಲ್ಲ' ಎಂದು ತಡೆಯುವುದೇಕೆ? ವಿದ್ಯಾರ್ಥಿಗಳು ಇದನ್ನು ಯಂತ್ರದ ಮೊಂಡುತನವೆಂದು ತಿಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಯಂತ್ರದ ಮಾತೇ ಸರಿ. ಧಾನ್ಯದ ಚೀಲವೆಂದು ಪಡೆದವನಿಗೆ ಅದರೊಳಕ್ಕೆ ಜೋಳ ಸುರಿಯುವ ಹಕ್ಕೂ ಬರುತ್ತದೆ. ಅವನು ಸುರಿದನೆನ್ನಿ, ಮುದ್ದೆಯ ಹಿಟ್ಟಿಗೆಂದು ಅದನ್ನು ಗಿರಣಿಗೆ ಹೊತ್ತೊಯ್ದ ಯಜಮಾನನ ಗತಿಯೇನು? ತೆಗೆಯುವುದಷ್ಟೇ ಕೆಲಸವಾದರೆ ಅಪಾಯವಿಲ್ಲ. ಅದಕ್ಕೆಂದೇ 'ವೈಲ್ಡ್‌ಕಾರ್ಡ್' ಎಂಬ ಬೇರೊಂದು ಚೀಟಿಯುಂಟು. ವಿನೋದವೆಂದರೆ, ತನ್ನ ಹಳೆಯ 'ಅರೇ'ಗಳ ವಿಷಯದಲ್ಲಿ ಜಾವಾ ಇಷ್ಟು ಬಿಗಿಯಾಗಿಲ್ಲ. ಅಲ್ಲಿ ಕಂಪೈಲರ್ ಸುಮ್ಮನಿದ್ದುಬಿಡುತ್ತದೆ. ಪ್ರೋಗ್ರಾಂ ನಡೆಯುತ್ತಿರುವಾಗ ತಪ್ಪು ಹೊರಬೀಳುತ್ತದೆ.

ನಮಗೆ ಕಳವಳವನ್ನುಂಟುಮಾಡುವ ಸಂಗತಿ ಬೇರೊಂದಿದೆ. ದೋಷಸೂಚನೆ ಕಂಡೊಡನೆಯೇ ಚೀಟಿಯನ್ನು ಕಿತ್ತುಹಾಕಿಯೋ, ಬಲವಂತದಿಂದ 'ಕಾಸ್ಟ್' ಮಾಡಿಯೋ ಕಂಪೈಲರಿನ ಬಾಯಿ ಮುಚ್ಚಿಸುವ ಅಭ್ಯಾಸ ಬೆಳೆಯುತ್ತಿದೆ. 1996ರ ಜೂನ್ 4ರಂದು ಐರೋಪ್ಯರ ಏರಿಯಾನ್ 5 ರಾಕೆಟ್ಟು ಹಾರಿದ ಒಂದು ನಿಮಿಷದೊಳಗೇ ನಾಶವಾಯಿತು. 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕವಾಗಿ ಪರಿವರ್ತಿಸುವಾಗ ಅದು ಅಲ್ಲಿ ಹಿಡಿಸಲಿಲ್ಲ. ಬರೆದದ್ದು ಬಗೆಗಳ ವಿಷಯದಲ್ಲಿ ಬಲು ಕಟ್ಟುನಿಟ್ಟಾದ ಏಡಾ ಭಾಷೆಯಲ್ಲಿ! ಆದರೆ ಪರಿವರ್ತಿಸೆಂದು ಮನುಷ್ಯನೇ ಆಜ್ಞಾಪಿಸಿದಮೇಲೆ ಕಂಪೈಲರ್ ತಾನೇ ಏನು ಮಾಡೀತು?

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ಕ್ಷೇತ್ರದಲ್ಲಿಯೇ 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲ್ಪಟ್ಟ ಇಸ್ರೋದ ರೆಕ್ಕೆಯ ವಾಹನವು ಚಾಲಕನಿಲ್ಲದೆ ತಾನಾಗಿ ನೆಲಕ್ಕಿಳಿಯಿತು. ಅಂಥ ವಾಹನವನ್ನು ನಡೆಸುವ ಪ್ರೋಗ್ರಾಮುಗಳನ್ನು ನಾಳೆ ಬರೆಯಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಆದಕಾರಣ, ಪ್ರೋಗ್ರಾಂ ನಡೆಯಿತೆಂಬುದಕ್ಕಷ್ಟೇ ಅಂಕ ಕೊಡದೆ, ಕಂಪೈಲರ್ ಏನೆಂದು ಆಕ್ಷೇಪಿಸಿತು, ವಿದ್ಯಾರ್ಥಿ ಅದಕ್ಕೆ ಯಾವ ಸಮಾಧಾನ ಕಂಡುಕೊಂಡ ಎಂಬುದನ್ನೂ ಪ್ರಯೋಗದ ಪುಸ್ತಕದಲ್ಲಿ ಬರೆಯಿಸಿ ಅದಕ್ಕೂ ಅಂಕ ಕೊಡಬೇಕೆಂದು ಅಧ್ಯಾಪಕ ಮಿತ್ರರಲ್ಲಿ ಕೇಳಿಕೊಳ್ಳುತ್ತೇವೆ.